ಮೇಲಿನ ಕೋಣೆಯ ಅಕ್ಕೋರು

ಮೊನ್ನೆ ಸಿಂದಗಿ ಬಸ್ ನಿಲ್ದಾಣದಲ್ಲಿ ಯಾರೋ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಮಾರುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಅಕ್ಕೋರು ಕಣ್ಣ ಮುಂದೆ ಬಂದರು.

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಆ ತುಂಬಿದ ಮನೆಗೆ ನಾನಿನ್ನೂ ಹೊಸಬಳು. ಅಕ್ಕೋರು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದರು. ಗಂಡ-ಹೆಂಡಿರ ಮನಸ್ತಾಪ ತಿಳಿಯಾಗಿಸುವ ವಿದ್ಯೆಯನ್ನು ಧಾರವಾಡದಲ್ಲಿ ಓದಿ ಬಂದವರಂತೆ. ಆದರೆ ಅವರ ಗಂಡ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

“ತನ್ನ ಸಂಸಾರನ ನೆಟ್ಟಗಿಲ್ಲ, ಮಂದಿ ಸಂಸಾರ ಕೂಡಸ್ತಾಳಂತ,” ಎನ್ನುತ್ತಿದ್ದರು ಅತ್ತೆ. ನನಗೂ ಹಾಗೇ ಅನ್ನಿಸುತ್ತಿತ್ತು.

ಆಗ ನಮ್ಮ ಮನೆಯವರಿಗೆ ಮೋರಟಗಿಗೆ ವರ್ಗವಾಯಿತು. ನನ್ನನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬರೇ ಹೊರಡಲು ಸಿದ್ಧರಾದರು. ಅಲ್ಲಿ ಇನ್ನೊಬ್ಬಳು ಇದ್ದಾಳೆಂದು ನನ್ನ ಗುಮಾನಿ. ಮಾತು ಬಿಟ್ಟೆ. ತವರಿಗೆ, ನಿಡಗುಂದಿಗೆ ಹೋಗಲು ಟ್ರಂಕು ತುಂಬಿದೆ.

ಅಕ್ಕೋರು ನಮ್ಮಿಬ್ಬರನ್ನೂ ಮೇಲೆ ಕರೆದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ತಿರುಗಿ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು. ಅದು ಅವರು ಓದಿದ್ದ ಪುಸ್ತಕದ ನಿಯಮ. ಅವರೆದುರು ನಮಗೆ ಬಾಯೇ ಬರಲಿಲ್ಲ. ಅಕ್ಕೋರು ಎದ್ದರು.

“ಪುಸ್ತಕ ಬರೆದವ್ರು ಇಂಥಾ ಮನಿ ನೋಡಿಲ್ಲ. ಗಂಡ ಹೆಂಡ್ತಿ ಕುಂತ ಮಾತಾಡಾಕ ಇಲ್ಲಿ ಜಾಗಾನ ಇಲ್ಲ. ಖೋಲಿ ನಿಮಗ ಬಿಡ್ತೇನಿ, ಮಾತಾಡ್ರಿ.”

ತೊಗರಿಕಾಯಿಯ ಬುಟ್ಟಿ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

ಬಾಗಿಲ ಹಿಂದೆ ನಿಂತು ಕೇಳುತ್ತಾರೆ, ಅತ್ತೆಗೆ ಮುಟ್ಟಿಸುತ್ತಾರೆ ಎಂದುಕೊಂಡು ತಟ್ಟನೆ ತೆರೆದು ನೋಡಿದೆ. ಯಾರೂ ಇರಲಿಲ್ಲ. ಕೆಳಗೆ ಅಂಗಳದಲ್ಲಿ ಅತ್ತೆಯ ಮಗ್ಗುಲಿಗೆ ಕುಳಿತು ಕಾಯಿ ಬಿಡಿಸುತ್ತಿದ್ದರು. ಅತ್ತೆ ಮೆಟ್ಟಿಲ ಕಡೆ ತಿರುಗಿದಾಗಲೆಲ್ಲ ಅಕ್ಕೋರು ಏನೋ ಒಂದು ಮಾತು ತೆಗೆಯುತ್ತಿದ್ದರು...

ಒಳಗೆ ಬಂದು ಕುಳಿತೆ. “ನಾ ನಿಮಗ ಬ್ಯಾಡಾಗೇನಿ. ಅದಕ್ಕ ಬಿಟ್ಟ ಹೊಂಟೀರಿ,” ಎಂದೆ.

ಅವರು ನನ್ನ ಮಾತನ್ನು ತಿರುಗಿ ಹೇಳಲು ಹೋಗಿ ಅರ್ಧಕ್ಕೆ ನಿಂತರು. “ನೀ ಬ್ಯಾಡಾಗಿಲ್ಲ. ಕರಕೊಂಡ ಹೋಗ್ತೇನಿ ಅಂತ ಅವ್ವನ ಮುಂದ ಹೇಳಾಕ ಧೈರ್ಯ ಇಲ್ಲ,” ಎಂದರು.

ಆ ಧೈರ್ಯ ಬರಲು ಇನ್ನೂ ಕೆಲವು ಸಂಜೆ ಆ ಕೋಣೆ ಬೇಕಾಯಿತು. ಕೂಡಿಯೇ ಮೋರಟಗಿಗೆ ಹೋದೆವು. ಯುಗಾದಿಗೆ ಬಂದರೆ ಮೇಲಿನ ಕೋಣೆಗೆ ಬೀಗ.

“ತಾನಾಗೇ ಖೋಲಿ ಬಿಟ್ಟ ಹೋದ್ಲು,” ಎಂದರು ಅತ್ತೆ, ನನ್ನ ಮುಖ ನೋಡದೆ. ನಾನು ನಂಬಲಿಲ್ಲ. ಇಂದಿಗೂ ನಂಬಿಲ್ಲ.

ಅತ್ತೆ ಹೋದರು, ನಮ್ಮ ಮನೆಯವರೂ ಹೋದರು. ಅಕ್ಕೋರ ಸಂಸಾರದಲ್ಲಿ ಏನಾಗಿತ್ತೋ... ಊರೆಲ್ಲ ಆಡಿಕೊಂಡಿತು, ಅವರನ್ನೇ ಕೇಳಿದವರು ಒಬ್ಬರೂ ಇಲ್ಲ. ಈಗ ಕೇಳಬೇಕೆಂದರೆ, ಅವರಿದ್ದಾರೋ ಇಲ್ಲವೋ ಎಂದು ಹೇಳುವವರೂ ಉಳಿದಿಲ್ಲ.