ಭದ್ರಾವತಿಯಲ್ಲಿ ಮಗಳ ಗಲ್ಲ

ಗೆಳೆಯರೇ, ಇಂದು ಭದ್ರಾವತಿಯ ಗೃಹಪ್ರವೇಶವೊಂದರಲ್ಲಿ ನನ್ನ ಮಗಳ ಮುಖ ಸಾರ್ವಜನಿಕ ಆಸ್ತಿಯಾಯಿತು. ಶಿವಮೊಗ್ಗದ ಚರ್ಮದ ಡಾಕ್ಟರು ಹೇಳಿದಂತೆ ಬೆಳಿಗ್ಗೆ, ಸಂಜೆ ಮುಖ ತೊಳೆದು, ದಿಂಬಿನ ಕವರು ಬದಲಿಸಿ, ಕೈ ಸೋಕಿಸದೆ ಅವಳು ಅಂತೂ ಮೊಡವೆಗಳನ್ನು ಇಳಿಸಿಕೊಂಡಿದ್ದಳು. ಬಾಗಿಲಲ್ಲೇ ನನ್ನಕ್ಕ ಬೋಂಡಾ ತಿನ್ನುತ್ತಿದ್ದ ಕೈಯಲ್ಲಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಏನೇ ಮಾರಾಯ್ತಿ, ಇನ್ನೂ ಎರಡು ಉಳಿದಿದಾವಲ್ಲೇ. ಎಣ್ಣೆ ಪದಾರ್ಥ ಮುಟ್ಟಬೇಡ.”

“ಅತ್ತೆ, ಡಾಕ್ಟ್ರು ಮುಖ ಮುಟ್ಟಬಾರದು ಅಂದಿದಾರೆ.”

“ಅದು ನಿನಗೆ ಹೇಳಿರೋದು ಕಣೇ. ನಾನು ಅತ್ತೆ ಅಲ್ವಾ?”

ಈ ಕಾನೂನು ಜಾರಿಯಾದ ಮೇಲೆ ಉಳಿದ ಹೆಂಗಸರೂ ಸರದಿಯಲ್ಲಿ ಮುಟ್ಟಿ ನೋಡಿ, ತಲೆಗೊಂದರಂತೆ ಲೇಪ ಹೇಳಿದರು. ಒಬ್ಬರು ಅರಿಶಿನದ ಬಟ್ಟಲನ್ನೇ ತಂದರು.

ಕೈ ತುಂಬಿದ್ದರೆ ಮುಖಕ್ಕೆ ಬರಲಾರದೆಂದು ಮಗಳು ಉಪಾಯ ಹೂಡಿದಳು. “ಅತ್ತೆ, ಇವನ್ನ ಸ್ವಲ್ಪ ಹಿಡ್ಕೊಳ್ಳಿ” ಎಂದು ಅಕ್ಕನ ಎರಡೂ ಕೈಗೆ ಒಂದೊಂದು ಬೋಂಡಾ ತಟ್ಟೆ ಕೊಟ್ಟಳು. ಸೋದರ ಸೊಸೆ ಉಪಚಾರ ಮಾಡುತ್ತಿದ್ದಾಳೆಂದು ಅಕ್ಕನಿಗೆ ಪ್ರೀತಿ ಉಕ್ಕಿತು. ಕೈ ಖಾಲಿ ಇರಲಿಲ್ಲವಲ್ಲ, ಬೋಂಡಾ ತಿಂದ ಬಾಯಲ್ಲೇ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ಮೊಡವೆಗಾದರೆ ಮುಲಾಮು, ಮಮತೆಗೆ ದೂರದಿಂದಲೇ ಸಲಾಮು.