ಬೂದು ಮುಚ್ಚಳ ಮುಗಿದ ವಾರ

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಆಕೆ ಸೂಜಿಯಕ್ಕ. ಇಪ್ಪತ್ತೆರಡು ವರ್ಷದಿಂದ ರಕ್ತ ತೆಗೆಯುತ್ತಿದ್ದಾಳೆ. ಎರಡನೇ ಸಲ ಚುಚ್ಚಿದ್ದು ಬೆರಳೆಣಿಕೆಯಷ್ಟು. ಅದರ ಜಂಬವೂ ಒಂದಿಷ್ಟು ಇತ್ತು ಅನ್ನಿ. ಈ ವಾರ ಮೊಮ್ಮಗಳ ರಕ್ತ ತೆಗೆದದ್ದೂ ಅದೇ ಕೈ.

ನಾಲ್ಕು ವರ್ಷದ ಮೊಮ್ಮಗಳು ಬೆಳಗಾದರೆ ಮಂಕಾಗಿರುತ್ತಾಳೆಂದು ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿದ್ದರು. ಸೋಮವಾರ ನಲವತ್ತೆಂಟು, ಗುರುವಾರ ನಲವತ್ತಾರು. ಎಪ್ಪತ್ತರ ಆಸುಪಾಸು ಇರಬೇಕಿತ್ತು.

"ಹೊಟ್ಟೆ ಖಾಲಿಯಾದಾಗ ಲಿವರ್ ಸಕ್ಕರೆ ಒಡೆಯೋ ಕಿಣ್ವಗಳನ್ನ ತಡೆದು, ಸಕ್ಕರೆ ಮಾಡೋ ಕಿಣ್ವಗಳನ್ನ ಎಬ್ಬಿಸ್ಬೇಕಮ್ಮ. ಇವಳಲ್ಲಿ ಅದು ಆಗ್ತಿಲ್ವೇನೋ," ಎಂದರು ಮಕ್ಕಳ ಡಾಕ್ಟರು. "ದೊಡ್ಡಾಸ್ಪತ್ರೇಲಿ ಲಿವರಿಂದ ಚೂರು ತೆಗೆದು ನೋಡ್ಬೇಕಾಗ್ಬಹುದು."

ಪಕ್ಕದಲ್ಲಿದ್ದ ಮಗಳು, ಮಗುವಿನ ತಾಯಿ, ಅಳತೊಡಗಿದಳು. ಸೂಜಿಯಕ್ಕನಿಗೂ ಭಯವಾಯಿತು, ಆದರೆ ಕಾರಣ ಬೇರೆಯದು. ಕೊಳವೆಗೆ ಬಿದ್ದ ರಕ್ತಕಣ ತಕ್ಷಣ ಸಾಯುವುದಿಲ್ಲ. ಅದರ ಕಿಣ್ವಗಳು ಅಲ್ಲೂ ಸಕ್ಕರೆ ಒಡೆಯುತ್ತಲೇ ಇರುತ್ತವೆ. ಬೂದು ಮುಚ್ಚಳದ ಕೊಳವೆಯೊಳಗಿನ ಪುಡಿ ಅವುಗಳನ್ನು ಕಟ್ಟಿಹಾಕುತ್ತದೆ. ಆ ಕೊಳವೆ ಭಾನುವಾರವೇ ಮುಗಿದಿತ್ತು. ಆಕೆ ಯಾರಿಗೂ ಹೇಳದೆ ಕೆಂಪು ಮುಚ್ಚಳದ ಬರಿ ಕೊಳವೆಗೆ ತುಂಬಿದ್ದಳು. ಬೆಳಿಗ್ಗೆ ತೆಗೆದ ರಕ್ತವೆಲ್ಲ ಎಂದಿನಂತೆ ಮಧ್ಯಾಹ್ನವೇ ಯಂತ್ರಕ್ಕೆ ಹೋಗಿತ್ತು, ಅದೂ ಈ ಸೆಕೆಯಲ್ಲಿ.

ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮಗುವಿನ ಹೊಟ್ಟೆಗೆ ಸೂಜಿ.

"ಡಾಕ್ಟ್ರೇ, ತಪ್ಪು ನನ್ದು," ಎಂದು ಮೊಮ್ಮಗಳ ಕೊಳವೆಯ ವಿಷಯ ಹೇಳಿಬಿಟ್ಟಳು.

ಪಕ್ಕದ ಲ್ಯಾಬಿನಿಂದ ಬೂದು ಮುಚ್ಚಳದ ಕೊಳವೆ ತರಿಸಿದರು. ಮರುದಿನ ಬೆಳಿಗ್ಗೆ ಬೇರೆ ನರ್ಸ್ ರಕ್ತ ತೆಗೆದಳು. ತೆಗೆದ ಕೂಡಲೇ ಯಂತ್ರಕ್ಕಿಟ್ಟರು. ಅಂಕೆ ಬರುವವರೆಗೆ ಸೂಜಿಯಕ್ಕ ಯಂತ್ರದ ಪಕ್ಕದಲ್ಲೇ ನಿಂತಿದ್ದಳು. ಎಪ್ಪತ್ತೆರಡು.

"ಬದುಕಿದೆ ಕಣಮ್ಮ!" ಎಂದು ಮಗಳು ತಬ್ಬಿಕೊಂಡಳು. ಮಂಕಿಗೆ ಕಾರಣ ನಿದ್ದೆಗೇಡು, ಅಷ್ಟೇ, ಎಂದರು ಡಾಕ್ಟರು.

ಆದರೆ ಸೂಜಿಯಕ್ಕನ ಭಯ ಇಳಿಯಲಿಲ್ಲ, ಏರಿತು. ಈ ವಾರವೇ ಸಕ್ಕರೆ ಇಳಿದಿದೆಯೆಂದು ಇನ್ಸುಲಿನ್ ಅರ್ಧ ಮಾಡಿಸಿಕೊಂಡು, ನಗುನಗುತ್ತಾ ಮನೆಗೆ ಹೋದ ಒಬ್ಬ ಮುದುಕ ದರ್ಜಿ ಕಣ್ಣ ಮುಂದೆ ಬಂದ. ಅವನ ರಕ್ತವೂ ಕೆಂಪು ಮುಚ್ಚಳದ್ದೇ; ಸಕ್ಕರೆ ಇಳಿದದ್ದು ಕೊಳವೆಯಲ್ಲಿ, ಅವನ ಮೈಯಲ್ಲಲ್ಲ.

"ಡಾಕ್ಟ್ರೇ, ಈ ವಾರ ಇನ್ನೂ ಹದಿನಾಲ್ಕು ಜನ ಇದಾರೆ."

ಡಾಕ್ಟರು ಅವಳತ್ತ ತಿರುಗಿದರು. "ನಿಮ್ಮ ಮೊಮ್ಮಗಳು ಅಲ್ದೇ ಇದ್ದಿದ್ರೆ ಹೇಳ್ತಿದ್ರಾ?"

ಆಕೆ ರಿಜಿಸ್ಟರ್ ತೆರೆದು, ದರ್ಜಿಯ ಫೋನ್ ನಂಬರನ್ನು ಒಂದೊಂದೇ ಅಂಕೆಯಾಗಿ ಓದತೊಡಗಿದಳು.