‘ಸೆಟ್’ ಆಗದ ಬಾಡಿಗೆ ಮನೆ

ಮನೆಯೊಡತಿ ನನಗೆ ಕುರ್ಚಿ ಕೊಟ್ಟರು, ನನ್ನ ಹೆಂಡತಿಯ ಕೈಗೆ ಕಸಬರಿಗೆ ಕೊಟ್ಟರು. ಕೋಲಾರದಲ್ಲಿ ನಾವು ಪೊರಕೆ ಅನ್ನುವುದಕ್ಕೆ ಇಲ್ಲಿ ದಾಂಡೇಲಿಯಲ್ಲಿ ಆ ಹೆಸರು.

“ಮೊದ್ಲ ಹಿತ್ತಲದಾಗ ಕಸಾ ಹೊಡದು ಬಾರಬೇ.”

ಸುಶೀಲಾ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟಳು. “ಕಾಕೂ, ನಾನು ಇವ್ರ ಹೆಂಡ್ತಿ. ಅಡಿಗಿ ಮನಿ ತೋರಸ್ರಿ.”

ಅವಳು ಹಳಿಯಾಳದ ಕಡೆಯ ಸಿದ್ದಿ ಹುಡುಗಿ. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಂಚಿನಲ್ಲಿ ನೆಲೆ ನಿಂತವರು ಸಿದ್ದಿಗಳು. ಧಾರವಾಡದಲ್ಲಿ ಓದುವಾಗ ಪರಿಚಯವಾಗಿ ಮದುವೆಯಾದೆವು. ಈಗ ಅವಳು ದಾಂಡೇಲಿಯಲ್ಲಿ ನರ್ಸು, ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಅವಳ ತವರಿನ ಕಿಕ್ಕಿರಿದ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಮನೆ ಹುಡುಕುತ್ತಿದ್ದೆವು.

ಈ ಮನೆಯ ಬಾಡಿಗೆ, ಮುಂಗಡ ಎಲ್ಲವೂ ಫೋನಿನಲ್ಲೇ ಸೆಟ್ ಆಗಿತ್ತು. ಕೋಲಾರದಲ್ಲಿ ಸೆಟ್ ಅಂದರೆ ನನಗೆ ಮೊದಲು ನೆನಪಾಗುತ್ತಿದ್ದುದು ದೋಸೆ, ಆಮೇಲೆ ಪ್ರೀತಿಗೆ ಬಿದ್ದ ಹುಡುಗ ಹುಡುಗಿ. ಇಲ್ಲಿ ಮೆಕ್ಯಾನಿಕ್ ಬೈಕು ಸೆಟ್ ಮಾಡುತ್ತಾನೆ, ಸರ್ಕಾರಿ ಕಚೇರಿಯ ಮುಂದಿನ ಏಜೆಂಟ್ “ಸಾಹೇಬ್ರನ್ನ ಸೆಟ್ ಮಾಡೂಣು” ಎಂದು ಕಣ್ಣು ಹೊಡೆಯುತ್ತಾನೆ, ತರಗತಿಗೆ ಬಾರದ ಹುಡುಗರು “ಹಾಜರಿ ಸೆಟ್ ಮಾಡ್ರಿ ಸರ” ಎಂದು ಗೋಗರೆಯುತ್ತಾರೆ. ಚಹಾದಂಗಡಿಯವನು “ಸೆಟ್ ಆದ್ರೇನ್ರಿ ನಮ್ಮೂರಿಗೆ?” ಎಂದು ಕೇಳಿದಾಗ, ಹೊರಗಿನಿಂದ ಬಂದ ನನಗೆ ಯಾರೋ ಬೆನ್ನು ತಟ್ಟಿದಂತಾಗುತ್ತಿತ್ತು.

ಮನೆಯೊಡತಿ ಸುಶೀಲಾಳನ್ನು ನೋಡಲಿಲ್ಲ. ನನ್ನತ್ತ ತಿರುಗಿ, “ನೀವು ಚಲೋ ಮಂದಿ ಅದೀರಿ ಸರ. ಆದ್ರ ನಮಗ ಸೆಟ್ ಆಗಂಗಿಲ್ರಿ” ಎಂದರು.

“ಏನು ಸೆಟ್ ಆಗಲ್ಲ?”

“ಏನಿಲ್ರಿ. ಸೆಟ್ ಆಗಂಗಿಲ್ಲ ಅಷ್ಟ.”

ಹೇಳುವಾಗ ಆಕೆ ನಕ್ಕರೇ, ತಲೆ ತಗ್ಗಿಸಿದರೇ? ಒಮ್ಮೊಮ್ಮೆ ನೆನಪಿನಲ್ಲಿ ಕೈಯನ್ನೂ ಮುಗಿಯುತ್ತಾರೆ. ಅದು ನಾನೇ ಸೇರಿಸಿಕೊಂಡದ್ದಿರಬಹುದು. ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ. ಜಾತಿ, ಮೈಬಣ್ಣ ಎಂದು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವ ಅಗತ್ಯವೇ ಆಕೆಗೆ ಬೀಳಲಿಲ್ಲ. ನೇರವಾಗಿ ಬೈದಿದ್ದರೆ ಜಗಳಕ್ಕಾದರೂ ಇಳಿಯಬಹುದಿತ್ತು. ಈ ಪದಕ್ಕೆ ಹಿಡಿದೆಳೆಯಲು ಜುಟ್ಟೇ ಇಲ್ಲ. ಮುದ್ದೆ ತಿಂದು ಬೆಳೆದು, ಇಲ್ಲಿಯ ಮಾತು ಅರ್ಧವಷ್ಟೇ ತಿಳಿಯುವ ನಾನು ಚಲೋ ಮಂದಿಯಂತೆ. ಈ ಮಣ್ಣಲ್ಲೇ ಹುಟ್ಟಿದವಳು ಸೆಟ್ ಆಗುವುದಿಲ್ಲವಂತೆ!

ಹಳಿಯಾಳದ ಬಸ್ಸು ಹತ್ತಿದ ಮೇಲೂ ನನ್ನ ಮೈ ಉರಿಯುತ್ತಿತ್ತು. “ನಮ್ಮೂರಲ್ಲಿ ಹಿಂಗೆಲ್ಲ ನಡೆಯಲ್ಲ” ಎಂದೆ.

ಸುಶೀಲಾ ಕಿಟಕಿಯಿಂದ ಮುಖ ತಿರುಗಿಸಿದಳು. “ಹೌದ? ನಿಮ್ಮ ಅಪ್ಪಾರು ಮ್ಯಾಲಿನ ರೂಮು ಬಾಡಿಗಿಗೆ ಕೊಡ್ತಿದ್ರಲ್ಲ, ಎಂಥಾರಿಗೆ ಕೊಡ್ತಿದ್ರು?”

ಬ್ಯಾಂಕಿನವರು, ಹೈಸ್ಕೂಲಿನ ಮೇಷ್ಟ್ರು, ಕೊನೆಗೆ ಒಬ್ಬ ಓವರ್‌ಸಿಯರ್. ಎಲ್ಲರ ಹೆಸರೂ ನೆನಪಿಗೆ ಬಂತು. ಎಲ್ಲರೂ ನಮ್ಮ ಜನವೇ. ಕೇಳಲು ಬಂದು ಹಿಂತಿರುಗಿ ಹೋದವರ ಮುಖ ಒಂದೂ ನೆನಪಿಲ್ಲ. ಯಾರೂ ಬಂದೇ ಇರಲಿಲ್ಲವೋ, ನಾನು ನೋಡಲಿಲ್ಲವೋ.

‘ನಮ್ಮೂರು’ ಎಂಬ ಮಾತು ಅಂದಿನಿಂದ ನನ್ನ ಬಾಯಿಗೆ ಸಲೀಸಾಗಿ ಬರುತ್ತಿಲ್ಲ, ಯಾವ ಊರಿನ ಬಗ್ಗೆಯೂ.